ಸಾಲ್ವರ್ ‘ಪಿಎಸ್‌ಡಿ ಅಲ್ಲ’ ಎಂದು ನಿಂತುಬಿಟ್ಟರೆ

ಹೂಡಿಕೆಯ ಹಂಚಿಕೆಗೋ ಕಾರ್ಖಾನೆಯ ಮಿಶ್ರಣಕ್ಕೋ ಒಂದು ಲೆಕ್ಕ ಬರೆದು ಸಾಲ್ವರ್‌ಗೆ ಕೊಟ್ಟಿದ್ದೀರಿ. ಸಾಲ್ವರ್ ಎಂದರೆ ಷರತ್ತುಗಳನ್ನು ಮೀರದೆ ಅತ್ಯುತ್ತಮ ಉತ್ತರ ಹುಡುಕುವ ತಂತ್ರಾಂಶ. ಉತ್ತರದ ಬದಲು ‘ಮ್ಯಾಟ್ರಿಕ್ಸ್ ಪಿಎಸ್‌ಡಿ ಅಲ್ಲ’ ಎಂಬ ಸಂದೇಶ ಬಂತು. ಗಾಬರಿ ಬೇಡ, ತಂತ್ರಾಂಶ ಕೆಟ್ಟಿಲ್ಲ. ನೀವು ಬರೆದ ವರ್ಗಪದಗಳ ಷರತ್ತು ಕಾನ್ವೆಕ್ಸ್ ಆಗಿ ಕಾಣುತ್ತಿಲ್ಲ, ಅಷ್ಟೆ.

ಕಾನ್ವೆಕ್ಸ್ ಎಂದರೆ ಪೀನ. ಗೂಟಕ್ಕೆ 5 ಮೀಟರ್ ಹಗ್ಗದಲ್ಲಿ ಕಟ್ಟಿದ ಹಸುವನ್ನು ನೆನೆಯಿರಿ. ಗೂಟದಿಂದ ಪೂರ್ವ-ಪಶ್ಚಿಮದ ದೂರ ಕ, ಉತ್ತರ-ದಕ್ಷಿಣದ ದೂರ ಗ ಆದರೆ, ಅದು ಮೇಯುವ ಜಾಗ ಕ² + ಗ² ≤ 25. ಆ ಜಾಗದ ಯಾವ ಎರಡು ಬಿಂದುಗಳ ನಡುವೆ ನೇರ ಗೆರೆ ಎಳೆದರೂ ಗೆರೆ ಒಳಗೇ ಉಳಿಯುತ್ತದೆ. ಇದು ಪೀನ. ಈಗ ಬಾವಿಯಿಂದ ಕನಿಷ್ಠ 5 ಮೀಟರ್ ದೂರದಲ್ಲಿ ಸಸಿ ನೆಡಬೇಕೆನ್ನಿ: ಕ² + ಗ² ≥ 25. ಬಾವಿಯ ಆಚೀಚೆ ಎದುರುಬದುರಾಗಿ ಇರುವ ಎರಡು ಸಸಿಗಳ ನಡುವಿನ ಗೆರೆ ಬಾವಿಯ ಮೇಲೇ ಹಾಯುತ್ತದೆ. ಇದು ಪೀನವಲ್ಲ. ಚಿಹ್ನೆ ತಿರುಗಿದ್ದಷ್ಟಕ್ಕೇ ಇಷ್ಟು ಬದಲಾವಣೆ! ‘ಸಮ’ ಚಿಹ್ನೆ ಹಾಕಿದರೂ ಅಷ್ಟೆ: ವೃತ್ತದ ಅಂಚು ಮಾತ್ರ ಉಳಿಯುತ್ತದೆ, ಒಳಗು ಹೋಗುತ್ತದೆ.

ಸಾಲ್ವರ್‌ಗೆ ಇದೇಕೆ ಬೇಕು? ಜಾಗವೂ ಪೀನ, ಕಡಿಮೆ ಮಾಡಬೇಕಾದ ವೆಚ್ಚದ ಸೂತ್ರವೂ ಪೀನವಾಗಿದ್ದರೆ, ಸುತ್ತಮುತ್ತ ಎಲ್ಲಕ್ಕಿಂತ ತಗ್ಗಾದ ಬಿಂದುವೇ ಇಡೀ ಜಾಗದ ತಗ್ಗು. ಇಲ್ಲವಾದರೆ ಹಲವು ಗುಂಡಿಗಳಿರಬಹುದು. ಜಾಗವನ್ನು ತುಂಡು ಮಾಡಿ ಒಂದೊಂದನ್ನೂ ತಡಕಬೇಕು. ಸಮಯ ಸೆಕೆಂಡುಗಳಿಂದ ದಿನಗಳಿಗೆ ಹೋಗಬಹುದು.

ಪರೀಕ್ಷಿಸುವುದು ಹೇಗೆ? ಷರತ್ತು ≤ ರೂಪದಲ್ಲಿರಲಿ. ವರ್ಗಪದಗಳ ಗುಣಕಗಳನ್ನು ಸಮಮಿತಿಯ ಚೌಕದಲ್ಲಿ, ಅಂದರೆ ಮ್ಯಾಟ್ರಿಕ್ಸ್‌ನಲ್ಲಿ ಬರೆಯಿರಿ. ಅದರ ಯಾವ ಐಗನ್ ಮೌಲ್ಯವೂ ಋಣವಾಗಿರದಿದ್ದರೆ ಅದು ಪಿಎಸ್‌ಡಿ (ಪಾಸಿಟಿವ್ ಸೆಮಿಡೆಫಿನಿಟ್), ಆಗ ಷರತ್ತು ಪೀನ. ನಮ್‌ಪೈ ಎಂಬ ಉಚಿತ ಪೈಥಾನ್ ಲೈಬ್ರರಿ ಇದನ್ನು ಒಂದೇ ಸಾಲಿನಲ್ಲಿ ಹೇಳುತ್ತದೆ. ಗುಣಕಗಳೆಲ್ಲ ಧನವಾಗಿದ್ದರೆ ಸಾಲದೇ ಎಂದು ಕೇಳಬಹುದು. ಸಾಲದು. ಕ² + 4ಕಗ + ಗ² ನೋಡಿ: ಕ = 1, ಗ = −1 ಹಾಕಿದರೆ −2 ಬರುತ್ತದೆ. ಅದರ ಐಗನ್ ಮೌಲ್ಯಗಳು 3 ಮತ್ತು −1.

ಒಂದು ವಿನಾಯಿತಿ ಇದೆ. ಚ ಕೂಡ ಸಾಲ್ವರ್ ಹುಡುಕಬೇಕಾದ ಮೌಲ್ಯವಾದರೆ ಕ² + ಗ² ≤ ಚ² ಪಿಎಸ್‌ಡಿ ಅಲ್ಲ. ಆದರೂ ಚ ≥ 0 ಎಂದು ಸೇರಿಸಿದರೆ ಐಸ್‌ಕ್ರೀಮ್ ಕೋನಿನ ಆಕಾರ ಸಿಗುತ್ತದೆ, ಅದು ಪೀನ. ಹಲವು ಸಾಲ್ವರ್‌ಗಳು ಇದನ್ನು ಗುರುತಿಸುತ್ತವೆ. ಚ ≥ 0 ಬರೆಯಲು ಮರೆಯುವುದೇ ಇಲ್ಲಿನ ಸಾಮಾನ್ಯ ತಪ್ಪು.

ಹೂಡಿಕೆಯ ಲೆಕ್ಕದಲ್ಲಿ, 1952ರಲ್ಲಿ ಹ್ಯಾರಿ ಮಾರ್ಕೋವಿಟ್ಜ್ ತೋರಿಸಿದ ದಾರಿಯಲ್ಲಿ, ಅಪಾಯವನ್ನು ಅಳೆಯುವ ಕೋವೇರಿಯನ್ಸ್ ಮ್ಯಾಟ್ರಿಕ್ಸ್ ಪಿಎಸ್‌ಡಿ ಆಗಿಯೇ ಇರಬೇಕು. ಆದರೆ ಒಂದೊಂದು ಜೋಡಿ ಷೇರಿಗೆ ಬೇರೆ ಬೇರೆ ದಿನಗಳ ದತ್ತಾಂಶ ಬಳಸಿದರೆ ಅದು ಕೆಡಬಹುದು. ಮೊದಲು ದತ್ತಾಂಶ ಸರಿಪಡಿಸಿ. ದಶಾಂಶದ ಸಣ್ಣ ದೋಷವಷ್ಟೇ ಉಳಿದಿದ್ದರೆ ಕರ್ಣದ ಅಂಕೆಗಳಿಗೆ ಚೂರು ಕೂಡಿಸಿದರೆ ಸಾಕು.

ಷರತ್ತು ನಿಜಕ್ಕೂ ಪೀನವಲ್ಲದಿದ್ದರೆ? ಗುರೋಬಿ ಎಂಬ ಸಾಲ್ವರ್ 9.0 ಆವೃತ್ತಿಯಿಂದ ಅಂಥದ್ದನ್ನೂ ಬಿಡಿಸುತ್ತದೆ. ಅದಕ್ಕೆ ಹಣ ಕೊಡಬೇಕು, ವಿಶ್ವವಿದ್ಯಾಲಯದಲ್ಲಿರುವವರಿಗೆ ಶೈಕ್ಷಣಿಕ ಪರವಾನಗಿ ಉಚಿತ. ಬರ್ಲಿನ್‌ನ ಜೂಸೆ ಸಂಸ್ಥೆಯಲ್ಲಿ ಬೆಳೆದ ಸ್ಕಿಪ್ 2022ರಿಂದ ಎಲ್ಲರಿಗೂ ಮುಕ್ತ. ಇಪಾಪ್ಟ್ ಕೂಡ ಉಚಿತ, ಆದರೆ ಪೀನವಲ್ಲದ ಲೆಕ್ಕದಲ್ಲಿ ಅದು ಕೊಡುವುದು ಹತ್ತಿರದ ಗುಂಡಿಯನ್ನು ಮಾತ್ರ. ಹಲವು ಕಡೆಯಿಂದ ಆರಂಭಿಸಿ ಉತ್ತರಗಳನ್ನು ಹೋಲಿಸಿ ನೋಡಿ.