ಒಡೆಯನಿಲ್ಲದ ಶಿಲಾಸಂಪುಟ

ಪುರಾತನ ಈಜಿಪ್ಟಿನ ದೊರೆಗಳ ಕಲ್ಲಿನ ಶವಪೆಟ್ಟಿಗೆಗಳು ಹಲವು ದೇಶಗಳ ವಸ್ತುಸಂಗ್ರಹಾಲಯಗಳನ್ನು ಸೇರಿರುವುವು. ಅವುಗಳಲ್ಲಿ ಲಂಡನ್ ನಗರದ ಸರ್ ಜಾನ್ ಸೋನ್ ವಸ್ತುಸಂಗ್ರಹಾಲಯದಲ್ಲಿರುವ ಸೇತಿ ಮಹಾರಾಜನ ಸಂಪುಟದ ವೃತ್ತಾಂತವನ್ನು ವಾಚಕರ ಮುಂದಿಡುವೆವು. ಸೇತಿಯು ಎರಡನೆಯ ರಾಮೆಸೀಸನ ತಂದೆ. ಕ್ರಿಸ್ತನಿಗೆ ಸುಮಾರು 1,280 ವರ್ಷಗಳ ಹಿಂದೆ ಕಾಲವಾದವನು.

1817ರ ಅಕ್ಟೋಬರಿನಲ್ಲಿ ಅರಸರ ಕಣಿವೆಯಲ್ಲಿ ಈ ಸಮಾಧಿಯನ್ನು ಕಂಡುಹಿಡಿದವನು ಇಟಲಿಯ ಬೆಲ್ಜೋನಿ. ಹಿಂದೆ ಲಂಡನ್ನಿನ ರಂಗಸ್ಥಳದಲ್ಲಿ ಮಂದಿಯನ್ನು ಮೈಮೇಲೆ ಹೊತ್ತು ನಡೆದು ಹೊಟ್ಟೆ ಹೊರೆದ ಜಟ್ಟಿಯೀತ! ಪೆಟ್ಟಿಗೆ ಬರಿದಾಗಿದ್ದಿತು, ಮುಚ್ಚಳವು ಒಡೆದು ಚೂರಾಗಿದ್ದಿತು. ಅರಸನ ದೇಹವನ್ನು ಅರ್ಚಕರು ಪೂರ್ವದಲ್ಲಿಯೇ ಬೇರೆಡೆ ಬಚ್ಚಿಟ್ಟಿದ್ದರು. ಅದು 1881ರಲ್ಲಿ ದೊರೆತು, 2021ರಿಂದ ಕೈರೋ ನಗರದ ಹೊಸ ವಸ್ತುಸಂಗ್ರಹಾಲಯದಲ್ಲಿರುವುದು. ಆ ಲಿಪಿಯನ್ನು ಓದಬಲ್ಲವರು ಆಗಿನ್ನೂ ಇರಲಿಲ್ಲವಾದುದರಿಂದ, ತಾನು ಕಂಡದ್ದು ಯಾವ ದೊರೆಯ ಸಮಾಧಿಯೆಂಬುದೇ ಬೆಲ್ಜೋನಿಗೆ ತಿಳಿಯದು.

ಸಂಪುಟವು ಅಲಬಾಸ್ಟರೆಂಬ ಬಿಳಿಯ ಕಲ್ಲಿನದು. ಉದ್ದ ಒಂಬತ್ತು ಅಡಿಗೆ ಮಿಗಿಲು. ಗೋಡೆಯ ದಪ್ಪವಾದರೋ ಎರಡಂಗುಲದಷ್ಟು. ಒಳಗೆ ದೀಪವಿಟ್ಟರೆ ಕಲ್ಲಿನ ಮೈಯೆಲ್ಲ ಬೆಳಗುವುದು. ಒಳಗೂ ಹೊರಗೂ ನೂರಾರು ಕಿರುಚಿತ್ರಗಳನ್ನು ಕೊರೆದು ನೀಲಿಯ ಬಣ್ಣವನ್ನು ತುಂಬಿದ್ದರು. ಸೂರ್ಯದೇವನು ದೋಣಿಯೇರಿ, ಸರ್ಪಗಳು ಕಾಯುವ ಬಾಗಿಲುಗಳನ್ನು ದಾಟುತ್ತ, ಇರುಳಿನ 12 ತಾಸುಗಳನ್ನು ಕಳೆದು ಮತ್ತೆ ಮೂಡುವ ಕಥೆಯದು. ಅರಸನೂ ಹಾಗೆಯೇ ಎದ್ದುಬರಲೆಂಬುದು ಆ ಜನರ ಹಾರೈಕೆ. ಅರಸನು ಮಲಗುವ ತಳದಲ್ಲಿ ಆಕಾಶದೇವಿಯಾದ ನೂತಳ ರೂಪವಿರುವುದು. ತಾಯಿಯ ಮಡಿಲಲ್ಲಿ ಮಗುವನ್ನು ಮಲಗಿಸಿದಂತೆ ಎಂದರೆ ನಮ್ಮ ಗೃಹಿಣಿಯರಿಗೆ ಬೇಗನೆ ಅರ್ಥವಾದೀತು.

ಇನ್ನು ಮಾರಾಟದ ಸಂಗತಿ. ಬ್ರಿಟಿಷ್ ಕಾನ್ಸಲ್ ಜನರಲ್ ಆದ ಸಾಲ್ಟನು ಬೆಲ್ಜೋನಿಗೆ, 2,000 ಪೌಂಡಿಗೆ ಮೇಲ್ಪಟ್ಟ ಮೊತ್ತದಲ್ಲಿ ಅರ್ಧವನ್ನು ಕೊಡುವುದಾಗಿ ಒಪ್ಪಿದ್ದನು. ಬ್ರಿಟಿಷ್ ಮ್ಯೂಸಿಯಮ್ಮಿನವರು ಅಷ್ಟು ಬೆಲೆ ತೆರಲೊಲ್ಲದೆ ಹೋದರು. 1824ರಲ್ಲಿ ವಾಸ್ತುಶಿಲ್ಪಿಯಾದ ಸೋನನು ಕೊಂಡನು. ಕೊಟ್ಟುದು ಸರಿಯಾಗಿ 2,000 ಪೌಂಡು! ಬೆಲ್ಜೋನಿಯ ಪಾಲಿಗೆ ಕಾಸೂ ಉಳಿಯಲಿಲ್ಲ. ಅಷ್ಟರಲ್ಲಿ ಅವನು ಪಶ್ಚಿಮ ಆಫ್ರಿಕದಲ್ಲಿ ತೀರಿಕೊಂಡಿದ್ದನು. ಕರಾರು ನ್ಯಾಯವಾಗಿಯೇ ನಡೆಯಿತೆನ್ನಬಹುದು. ಆದರೂ ಆ ಲೆಕ್ಕ ನಮಗೆ ಹಿತವೆನಿಸದು.

ಸೋನನು ಮನೆಯ ಗೋಡೆಯನ್ನೊಡೆಸಿ ಸಂಪುಟವನ್ನು ಒಳಕ್ಕೆ ತರಿಸಿದನು. 1825ರ ಮಾರ್ಚಿಯಲ್ಲಿ ಮೂರು ರಾತ್ರಿ ದೀಪಗಳನ್ನು ಬೆಳಗಿಸಿ, ನೂರಾರು ಅತಿಥಿಗಳಿಗೆ ತೋರಿಸಿದನು. ಚಿತ್ರಕಾರ ಟರ್ನರನೂ ಬಂದಿದ್ದನು. 1833ರ ಶಾಸನವೊಂದರಿಂದ ಆ ಮನೆ ಸಾರ್ವಜನಿಕರ ಸ್ವತ್ತಾಯಿತು. ಲಂಡನ್ನಿನ ಹವೆಯಲ್ಲಿ ಕಲ್ಲಿನ ಬಿಳುಪು ಹಳದಿಗೆ ತಿರುಗಿರುವುದು, ನೀಲಿಯೂ ಬಹುಮಟ್ಟಿಗೆ ಉದುರಿರುವುದು. ಈಗ ಅದು ನೆಲಮಾಳಿಗೆಯಲ್ಲಿ ಗಾಜಿನ ಮರೆಯಲ್ಲಿದೆ; ನೋಡಲು ಹಣ ಕೊಡಬೇಕಾಗಿಲ್ಲ.