ಸರಕಾರಿ ಟೆಂಡರು: ದರ ಬರೆಯುವ ಮುನ್ನ ಹಾಕಬೇಕಾದ ಲೆಕ್ಕ

ಸೇಡಂ, ಚಿತ್ತಾಪುರ, ಚಿಂಚೋಳಿ ಭಾಗದ ರೈತರಿಗೆ ಟೆಂಡರು ಎಂಬ ಮಾತು ಹೊಸದಲ್ಲ. ಎಪಿಎಂಸಿ ಅಂಗಳದಲ್ಲಿ ತೊಗರಿ ಇಳಿಸಿದರೆ ಖರೀದಿದಾರರು ಒಬ್ಬರ ದರ ಒಬ್ಬರಿಗೆ ತಿಳಿಯದಂತೆ ಬರೆಯುತ್ತಾರೆ. ಹೆಚ್ಚು ಬರೆದವನಿಗೆ ಮಾಲು. ಸರಕಾರ ಕೊಳ್ಳುವಾಗ ಇದೇ ಪದ್ಧತಿ ತಿರುಗುಮುರುಗಾಗುತ್ತದೆ. ಅಲ್ಲಿ ದರ ಬರೆಯಬೇಕಾದವನು ಮಾರುವವನು. ಷರತ್ತು ಪೂರೈಸಿದವರಲ್ಲಿ ಕಡಿಮೆ ಬರೆದವನಿಗೆ ಆದೇಶ. ನಮ್ಮ ಸೀಮೆಯಲ್ಲಿ ಗುತ್ತೇದಾರ ಎಂಬುದು ಮನೆತನದ ಹೆಸರೇ ಆಗಿ ನಿಂತಿದೆ. ಆದರೂ ನಾಲ್ಕು ಜನ ಆಳಿಟ್ಟುಕೊಂಡು ದಾಲ್ ಮಿಲ್ಲು ನಡೆಸುವವರು, ಶಹಾಬಾದದಲ್ಲಿ ಫರಸಿ ಕೊಯ್ದು ಹೊಳಪು ಕೊಡುವವರು ‘ಟೆಂಡರು ದೊಡ್ಡವರ ವ್ಯವಹಾರ’ ಎಂದು ದೂರ ನಿಲ್ಲುವುದೇ ಹೆಚ್ಚು.

ದೂರ ನಿಲ್ಲಬೇಕಾದ ಕಾರಣವಿಲ್ಲ. ವಿದ್ಯಾರ್ಥಿ ನಿಲಯಗಳಿಗೆ ಬೇಳೆ ಬೇಕು, ಶಾಲಾ ಕೊಠಡಿಗಳಿಗೆ ನೆಲಹಾಸು ಬೇಕು. ಸಂವಿಧಾನಕ್ಕೆ 371-ಜೆ ವಿಧಿ ಸೇರಿದ ಮೇಲೆ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಿಂದಲೂ ಈ ತಾಲೂಕುಗಳಲ್ಲಿ ಕೆಲಸಗಳು ನಡೆಯುತ್ತಿವೆ. ರಾಜ್ಯದ ಇಂಥ ಖರೀದಿಗಳೆಲ್ಲ ‘ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999’ಕ್ಕೆ ಒಳಪಟ್ಟವು. ವಾಡಿ, ಸೇಡಂ ಸುತ್ತಿನ ಖಾಸಗಿ ಸಿಮೆಂಟು ಕಾರ್ಖಾನೆಗಳು ಕೊಡುವ ಗುತ್ತಿಗೆಗೆ ಈ ಕಾನೂನು ತಾಗದು. ಎರಡನ್ನೂ ಒಂದೇ ಎಂದು ತಿಳಿಯಬಾರದು.

ಬೇಳೆಯ ಲೆಕ್ಕ

ಟೆಂಡರು ಸಿಗದೆ ನಷ್ಟವಾದವರಿಗಿಂತ, ಸಿಕ್ಕು ನಷ್ಟವಾದವರ ಸ್ಥಿತಿ ಕಠಿಣ. ಆದ್ದರಿಂದ ಕಾಗದಪತ್ರಕ್ಕೆ ಮೊದಲು ಲೆಕ್ಕ.

ಉದಾಹರಣೆಗೆ ತೊಗರಿ ಕ್ವಿಂಟಲಿಗೆ 7,500 ರೂ. ಎಂದು ಹಿಡಿಯೋಣ. ಒಂದು ಕ್ವಿಂಟಲ್ ತೊಗರಿಗೆ 72 ಕಿಲೋ ಬೇಳೆ ಬಂದರೆ, ಒಂದು ಕ್ವಿಂಟಲ್ ಬೇಳೆಗೆ ಕಾಳಿನ ಖರ್ಚೇ 10,417 ರೂ. ನುಚ್ಚು, ಹೊಟ್ಟು ಮಾರಿ ಬಂದದ್ದನ್ನು ಇದರಲ್ಲಿ ಕಳೆಯಿರಿ. ವಿದ್ಯುತ್ತು, ಕೂಲಿ, ಹಮಾಲಿ, ಚೀಲ, ಲಾರಿ ಬಾಡಿಗೆ ಕೂಡಿಸಿರಿ. ಇಷ್ಟನ್ನು ಎಲ್ಲರೂ ಮಾಡುತ್ತಾರೆ. ಮರೆಯುವುದು ಬಡ್ಡಿ. ಬಿಲ್ಲು ಮೂರು ತಿಂಗಳು ತಡವಾದರೆ, ನೂರಕ್ಕೆ ವರ್ಷಕ್ಕೆ 12ರ ಬಡ್ಡಿಯಂತೆ ಆ 10,417 ರೂಪಾಯಿಗೆ ಸುಮಾರು 312 ರೂ. ಆಗುತ್ತದೆ. ಕ್ವಿಂಟಲಿಗೆ 200 ರೂ. ಲಾಭ ಇಟ್ಟು ದರ ಬರೆದವನು ಅಲ್ಲಿಗೆ 112 ರೂ. ಕೈಯಿಂದ ಕೊಟ್ಟಂತಾಯಿತು.

ಮಾಲು ಎಲ್ಲಿಗೆ ಮುಟ್ಟಿಸಬೇಕು ಎಂಬುದನ್ನೂ ಓದಿ ನೋಡಿರಿ. ಒಂದೇ ಉಗ್ರಾಣಕ್ಕೆ ಒಂದು ಲಾರಿ ಇಳಿಸುವುದು ಬೇರೆ, ಚಿಂಚೋಳಿ ತಾಲೂಕಿನ ಹತ್ತು ನಿಲಯಗಳಿಗೆ ತಿಂಗಳು ತಿಂಗಳು ನಾಲ್ಕು ಚೀಲ ಹಂಚುವುದು ಬೇರೆ. ಬರೆದ ದರದಲ್ಲಿ ಜಿಎಸ್‌ಟಿ ಸೇರಿದೆಯೋ ಇಲ್ಲವೋ ಎಂಬುದು ಇನ್ನೊಂದು ಪ್ರಶ್ನೆ.

ಎಲ್ಲಕ್ಕಿಂತ ದೊಡ್ಡ ಅಪಾಯ ವರ್ಷವಿಡೀ ಒಂದೇ ದರದ ಷರತ್ತು. ತೊಗರಿ ರಾಶಿ ನಮ್ಮಲ್ಲಿ ಡಿಸೆಂಬರ್-ಜನವರಿಗೆ. ಸುಗ್ಗಿಯ ದರ ನೋಡಿ ಬರೆದವನು ಶ್ರಾವಣದಲ್ಲಿ ಕಾಳು ಕೊಳ್ಳಬೇಕಾಗುತ್ತದೆ. 2015ರ ಅಕ್ಟೋಬರಿನಲ್ಲಿ ಪೇಟೆಯಲ್ಲಿ ತೊಗರಿ ಬೇಳೆ ಕಿಲೋಗೆ 200 ರೂ. ಸುತ್ತ ಹೋಗಿತ್ತು. 2016-17ರ ಸುಗ್ಗಿಯಲ್ಲಿ ಅದೇ ತೊಗರಿ, 5,050 ರೂ. ಬೆಂಬಲ ಬೆಲೆಗಿಂತ ಕೆಳಗಿಳಿದು ಖರೀದಿ ಕೇಂದ್ರಗಳ ಮುಂದೆ ರೈತರು ಸರತಿ ನಿಂತರು. 2015ರ ಆರಂಭದ ದರಕ್ಕೆ ವರ್ಷದ ಕರಾರು ಮಾಡಿಕೊಂಡವನ ಪಾಡನ್ನು ಓದುಗರೇ ಊಹಿಸಬಹುದು. ಅರ್ಧದಷ್ಟಾದರೂ ಕಾಳು ಮನೆಯಲ್ಲೋ ಗೋದಾಮಿನಲ್ಲೋ ಇಲ್ಲದವನು ಇಂಥ ಟೆಂಡರಿಗೆ ಕೈಹಾಕಬಾರದು ಎಂಬುದು ಈ ಲೇಖಕನ ಅಭಿಪ್ರಾಯ. ಹೊಲವೂ ಗಿರಣಿಯೂ ಇರುವ ರೈತನಿಗೆ ಇಲ್ಲಿ ಪೇಟೆಯ ವ್ಯಾಪಾರಿಗಿಲ್ಲದ ಅನುಕೂಲವಿದೆ.

ಕಾಗದಪತ್ರ

ಕರ್ನಾಟಕದಲ್ಲಿ ಇ-ಸಂಗ್ರಹಣೆ ಪದ್ಧತಿ 2007ರಲ್ಲಿ ಆರಂಭವಾಯಿತು. ಲಕೋಟೆಗೆ ಅರಗು ಹಾಕುವ ಕಾಲ ಹೋಗಿ, ಈಗ ಕಂಪ್ಯೂಟರಿನಲ್ಲಿ ಡಿಜಿಟಲ್ ಸಹಿಯೊಂದಿಗೆ ಸಲ್ಲಿಸಬೇಕು. ಎರಡು ಲಕೋಟೆ ಪದ್ಧತಿಯಿದ್ದರೆ ಮೊದಲು ಅರ್ಹತೆಯ ಭಾಗ ತೆರೆಯುತ್ತಾರೆ. ಅದರಲ್ಲಿ ಅನುತ್ತೀರ್ಣನಾದವನ ದರವನ್ನು ಯಾರೂ ನೋಡುವುದೇ ಇಲ್ಲ. ಆಹಾರ ಪದಾರ್ಥಕ್ಕೆ ಎಫ್‌ಎಸ್‌ಎಸ್‌ಎಐ ಪರವಾನಗಿ, ಜಿಎಸ್‌ಟಿ ನೋಂದಣಿ, ಹಿಂದೆ ಸರಬರಾಜು ಮಾಡಿದ ಪುರಾವೆ, ಇಎಂಡಿ ಎನ್ನುವ ಮುಂಗಡ ಠೇವಣಿ — ಕೇಳಿದ್ದರಲ್ಲಿ ಒಂದು ಕಡಿಮೆಯಾದರೂ ಶ್ರಮ ವ್ಯರ್ಥ. ಅನುಮಾನವಿದ್ದರೆ ಗಡುವಿನೊಳಗೆ ಲಿಖಿತವಾಗಿ ಕೇಳಿರಿ. ಪ್ರಕಟಣೆಯಾದ ಮೇಲೆ ಬರುವ ತಿದ್ದೋಲೆಗಳನ್ನು ತಪ್ಪದೆ ನೋಡಿರಿ.

ಡಿಜಿಟಲ್ ಸಹಿಯ ಸಾಧನವನ್ನು ಕಂಪ್ಯೂಟರ್ ಅಂಗಡಿಯವನ ಬಳಿಯೇ ಬಿಟ್ಟು ಬರುವ ರೂಢಿ ಹಲವೆಡೆ ಇದೆ. ಸಹಿ ಹಾಕಿದ ಖಾಲಿ ಚೆಕ್ಕು ಕೊಟ್ಟು ಬಂದಂತೆಯೇ ಇದು. ಕೊನೆಯ ದಿನದ ಸಂಜೆಯವರೆಗೆ ಕಾಯುವುದೂ ಸಲ್ಲದು. ಕರೆಂಟು ಹೋದರೆ ಗಡುವು ನಿಮಗಾಗಿ ನಿಲ್ಲುವುದಿಲ್ಲ.

ಫರಸಿಯವರು ತಿಳಿಯಬೇಕಾದದ್ದು

ರೈಲ್ವೆಯಂಥ ಕೇಂದ್ರ ಇಲಾಖೆ ಮತ್ತು ಕೇಂದ್ರೋದ್ಯಮಗಳಿಗೆ 2012ರ ಖರೀದಿ ನೀತಿಯೊಂದು ಇದೆ. ಅವು ವಾರ್ಷಿಕ ಖರೀದಿಯ ಶೇ. 25ರಷ್ಟನ್ನು ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗಳಿಂದ ಕೊಳ್ಳಬೇಕು (2018ರವರೆಗೆ ಇದು ಶೇ. 20 ಇತ್ತು). ಇಂಥ ಉದ್ದಿಮೆಗಳಿಗೆ ಮುಂಗಡ ಠೇವಣಿಯಿಂದ ವಿನಾಯಿತಿ ಇದೆ. ನಿಮ್ಮ ದರ ಕನಿಷ್ಠ ದರಕ್ಕಿಂತ ಶೇ. 15ರವರೆಗೆ ಹೆಚ್ಚಿದ್ದರೂ, ಆ ಕನಿಷ್ಠ ದರಕ್ಕೆ ಒಪ್ಪಿದರೆ ಒಂದು ಪಾಲು ಸಿಗಬಹುದು. ಇದಕ್ಕೆ ಉದ್ಯಮ್ ನೋಂದಣಿ ಬೇಕು; ಅದಕ್ಕೆ ಶುಲ್ಕವಿಲ್ಲ, ಯಾರಾದರೂ ಹಣ ಕೇಳಿದರೆ ಕೊಡಬೇಡಿರಿ.

ಆದರೆ ಈ ಸವಲತ್ತು ತಯಾರಿಸುವವರಿಗೇ ಹೊರತು ಕೊಂಡು ಮಾರುವವರಿಗಲ್ಲ. ಕಟ್ಟಡ ಕಾಮಗಾರಿಗೂ ಅಲ್ಲ. ಹೊಳಪು ಕೊಟ್ಟ ಫರಸಿಯನ್ನು ಸರಬರಾಜು ಮಾಡುವ ಶಹಾಬಾದದ ಘಟಕದವನು ಇದನ್ನು ಕೇಳಬಹುದು. ಅದೇ ಫರಸಿಯನ್ನು ಹಾಸಿಕೊಡುವ ಗುತ್ತಿಗೆ ಹಿಡಿದರೆ ಅದು ಕಾಮಗಾರಿ ಎನಿಸುತ್ತದೆ. ರಾಜ್ಯದ ಟೆಂಡರಿನಲ್ಲಿ ಯಾವ ವಿನಾಯಿತಿ ಇದೆಯೆಂಬುದನ್ನು ಆಯಾ ಟೆಂಡರಿನ ಷರತ್ತಿನಲ್ಲೇ ಓದಿಕೊಳ್ಳಬೇಕು.

ರಾಜ್ಯದ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಯ ಗುತ್ತಿಗೆದಾರರಿಗೆ ಶೇ. 17.15, ಪರಿಶಿಷ್ಟ ಪಂಗಡದವರಿಗೆ ಶೇ. 6.95 ಮೀಸಲಿದೆ. ಮೊದಲು 50 ಲಕ್ಷ ರೂ.ವರೆಗಿನ ಕೆಲಸಗಳಿಗಿದ್ದ ಇದನ್ನು 2023ರಲ್ಲಿ 1 ಕೋಟಿಗೆ ಏರಿಸಲಾಯಿತು.

ಹಣ ತಡವಾದರೆ, ಟೆಂಡರು ತಿರಸ್ಕೃತವಾದರೆ

2006ರ ಎಂಎಸ್‌ಎಂಇ ಕಾಯದೆಯಂತೆ ನೋಂದಾಯಿತ ಸಣ್ಣ ಸರಬರಾಜುದಾರನಿಗೆ ಮಾಲು ಒಪ್ಪಿಕೊಂಡ 45 ದಿನದೊಳಗೆ ಹಣ ಸಲ್ಲಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳಿ ಸೌಲಭ್ಯ ಮಂಡಳಿಗೆ ಹೋಗಬಹುದು. ಮುಂದಿನ ವರ್ಷ ಅದೇ ಕಚೇರಿಗೆ ಹೋಗಬೇಕಲ್ಲ ಎಂಬ ಹಿಂಜರಿಕೆ ಸಹಜವೇ. ಮಾಲು ಇಳಿಸಿದ ದಿನವೇ ದಿನಾಂಕ, ಸಹಿ, ಮೊಹರು ಇರುವ ಸ್ವೀಕೃತಿ ಪಡೆಯಿರಿ. 45 ದಿನದ ಎಣಿಕೆಗೆ ಆಧಾರ ಅದೇ.

ಇನ್ನೊಬ್ಬರ ಟೆಂಡರನ್ನು ಒಪ್ಪಿದ ಆದೇಶ ಅನ್ಯಾಯವೆಂದು ಕಂಡರೆ, 1999ರ ಅಧಿನಿಯಮದ 16ನೇ ಪ್ರಕರಣದ ಮೇರೆಗೆ ಆದೇಶ ಕೈಸೇರಿದ 30 ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು. ಮನವಿಯೊಡನೆ ನೀವು ಸಲ್ಲಿಸಿದ ಪ್ರತಿಯೊಂದು ಕಾಗದದ ನಕಲು ಬೇಕಾಗುತ್ತದೆ. ಟೆಂಡರು ಕಳಿಸಿದ ದಿನವೇ ಒಂದು ಪ್ರತಿ ತೆಗೆದು ಮನೆಯಲ್ಲಿಟ್ಟುಕೊಳ್ಳಿರಿ.