ಎರಡು ಗಡಿಯಾರ, ಒಂದು ತಾಳ

1991ರಲ್ಲಿ ಅಮೆರಿಕದ ಅಲೆಸಿಸ್ ಸಂಸ್ಥೆಯು ‘ಅಡಾಟ್’ ಎಂಬ ಧ್ವನಿಮುದ್ರಣಯಂತ್ರವನ್ನು ಲೋಕಕ್ಕೆ ಪರಿಚಯಿಸಿತು. ಎಸ್-ವಿಎಚ್‌ಎಸ್ ವಿಡಿಯೋ ಟೇಪಿನ ಮೇಲೆ ಎಂಟು ಧ್ವನಿಪಥಗಳನ್ನು ಅದು ಅಂಕಿಗಳ ರೂಪದಲ್ಲಿ ಬರೆದಿಡುತ್ತಿತ್ತು. ಈಗ ಆ ಟೇಪುಗಳಿಗೆ ವಯಸ್ಸಾಗಿದೆ. ಅವನ್ನು ಓದಬಲ್ಲ ಯಂತ್ರಗಳೂ ವಿರಳವಾಗುತ್ತಿವೆ. ಆದುದರಿಂದ ಅವುಗಳಲ್ಲಿರುವ ಸಂಗೀತವನ್ನು ಮನೆಯ ಕಂಪ್ಯೂಟರಿಗೆ ಸಾಗಿಸುವುದು ತಡಮಾಡಬಾರದ ಕೆಲಸ.

ಇದಕ್ಕೆ ಅಡಾಟ್ ಪ್ರವೇಶದ್ವಾರವುಳ್ಳ ಆಡಿಯೋ ಇಂಟರ್‌ಫೇಸ್ ಒಂದು ಬೇಕು. ಅದನ್ನು ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಜೋಡಿಸುತ್ತೇವೆ. ಯಂತ್ರದಿಂದ ಇಂಟರ್‌ಫೇಸಿಗೆ ಒಂದೇ ಬೆಳಕಿನ ತಂತು ಎಂಟು ಪಥಗಳನ್ನೂ ಒಯ್ಯುತ್ತದೆ.

ಆದರೂ ನುಡಿಸಿದಾಗ ನಡುನಡುವೆ ‘ಟಕ್’ ಎಂಬ ಸದ್ದು ಕೇಳಿಬರಬಹುದು. ಇದಕ್ಕೆ ಕಾರಣವೇನು? ಯಂತ್ರವು ತನ್ನ ಸ್ಫಟಿಕ ಗಡಿಯಾರದಂತೆ ಸೆಕೆಂಡಿಗೆ 48,000 ಮಾದರಿಗಳನ್ನು ಕಳುಹಿಸುತ್ತದೆ. ಇಂಟರ್‌ಫೇಸು ತನ್ನ ಸ್ಫಟಿಕದಂತೆ ಅಷ್ಟನ್ನೇ ಎಣಿಸುತ್ತದೆ. ಆದರೆ ಯಾವ ಎರಡು ಸ್ಫಟಿಕಗಳೂ ಸರಿಸಮನಾಗಿ ಕಂಪಿಸುವುದಿಲ್ಲ. ಹತ್ತು ಲಕ್ಷಕ್ಕೆ ಕೇವಲ 10ರಷ್ಟು ವ್ಯತ್ಯಾಸವಿದ್ದರೂ ಸುಮಾರು ಎರಡು ಸೆಕೆಂಡಿಗೊಮ್ಮೆ ಒಂದು ಮಾದರಿ ಹೆಚ್ಚಾಗುತ್ತದೆ, ಇಲ್ಲವೆ ಕಡಮೆಯಾಗುತ್ತದೆ. ಈ ಏರುಪೇರೇ ನಮಗೆ ಸದ್ದಾಗಿ ಕೇಳುವುದು.

ಕಚೇರಿಯಲ್ಲಿ ಇಬ್ಬರು ತಮತಮಗೆ ತೋರಿದಂತೆ ತಾಳ ಹಾಕಿದರೆ ಹಾಡು ನಿಲ್ಲುವುದೆ? ಇಲ್ಲಿಯೂ ತಾಳ ಒಂದೇ ಇರಬೇಕು. ಇಂಟರ್‌ಫೇಸಿನ ‘ಕ್ಲಾಕ್ ಸೋರ್ಸ್’ ಎಂಬಲ್ಲಿ ‘ಅಡಾಟ್’ ಎಂದು ಆರಿಸಿದರೆ ಅದು ತನ್ನ ಎಣಿಕೆಯನ್ನು ಬಿಟ್ಟು ಯಂತ್ರದ ಎಣಿಕೆಯನ್ನೇ ಅನುಸರಿಸುತ್ತದೆ. ಟೇಪು 44,100ರ ದರದಲ್ಲಿ ಮುದ್ರಿತವಾಗಿದ್ದರೆ ಕಂಪ್ಯೂಟರಿನಲ್ಲಿಯೂ ಅದೇ ದರವಿರಬೇಕು. ಇಲ್ಲವಾದರೆ ಶ್ರುತಿಯೇ ಬದಲಾದೀತು.

ಹಳೆಯ ಟೇಪು ಎರಡನೆಯ ಸಲವೂ ಸರಿಯಾಗಿ ಓಡೀತೆಂಬ ಭರವಸೆಯಿಲ್ಲ. ಆದುದರಿಂದ ಬೆಲೆಯಿಲ್ಲದ ಬೇರೊಂದು ಟೇಪಿನಿಂದ ಇವೆಲ್ಲವನ್ನೂ ಮೊದಲೇ ಪರೀಕ್ಷಿಸಿಕೊಳ್ಳತಕ್ಕದ್ದು.